ಮಗ್ಗಕ್ಕೆ ಬಟ್ಟೆ ಹೊದಿಸುವ ಹೊತ್ತು

ಏಪ್ರಿಲ್ ತಿಂಗಳ ಒಂದು ಸಂಜೆ ಕಚೇರಿಯಿಂದ ಬಂದು ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದವಳು ಅದರಿಂದ ಇಳಿಯಲೇ ಇಲ್ಲ. ಕೀಲಿ ಕೈಯಲ್ಲೇ ಇತ್ತು. ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಒಳಗೆ ಹೋದರೆ ಚಹಾ ಇಡಬೇಕು, ಬೆಳಗಿನ ಪಾತ್ರೆ ತೊಳೆಯಬೇಕು, ಮಗನ ಗಣಿತದ ವಹಿ ನೋಡಬೇಕು. ಇವು ಯಾವುವೂ ಹೊಸ ಕೆಲಸಗಳಲ್ಲ, ಎತ್ತಲಾರದಷ್ಟು ಭಾರದವೂ ಅಲ್ಲ. ಆದರೂ ಕಾಲು ನೆಲಕ್ಕೆ ಇಳಿಯಲು ಒಪ್ಪಲಿಲ್ಲ. ಎದುರು ಮನೆಯ ಕಾಕು ಅಂಗಳಕ್ಕೆ ನೀರು ಚಿಮುಕಿಸಲು ಬಂದವರು ನನ್ನನ್ನು ಒಮ್ಮೆ ನೋಡಿದರು. ಬಕೆಟ್ ತುಂಬಿಕೊಂಡು ಎರಡನೆಯ ಸಲ ಬಂದಾಗಲೂ ನಾನು ಹಾಗೆಯೇ ಕೂತಿದ್ದೆ. "ಯಾಕೆ ತಂಗಿ, ಕೀಲಿ ಕಳೆದುಕೊಂಡೆಯಾ?" ಎಂದು ಕೇಳಿದರು. ಕೈ ಎತ್ತಿ ಕೀಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಹಾಗಾದರೆ ಕೂತುಕೋ" ಎಂದು ಹೇಳಿ ಒಳಗೆ ಹೋದರು. ಅವರು ಇನ್ನೇನೂ ಕೇಳದೆ ಇದ್ದುದಕ್ಕೆ ನನಗೆ ಅಳು ಬಂದಿತು.

ಆ ರಾತ್ರಿ ಊಟವಾದ ಮೇಲೆ ಮಂಚದ ಮೇಲೆ ಒರಗಿ ಮೊಬೈಲ್ ಹಿಡಿದವಳು ಅದನ್ನು ಕೆಳಗಿಟ್ಟಾಗ ಹನ್ನೊಂದೂವರೆ ಆಗಿತ್ತು. ಎರಡು ತಾಸು ಮೈಗೆ ಯಾವ ಕೆಲಸವೂ ಇರಲಿಲ್ಲ, ಆದರೂ ಬೆಳಿಗ್ಗೆ ಎದ್ದಾಗ ಹಿಂದಿನ ದಿನದ ಆಯಾಸ ಹಾಸಿಗೆಯಲ್ಲೇ ನನಗಾಗಿ ಕಾಯುತ್ತಿತ್ತು. ಅಂದಿನಿಂದ ಒಂದು ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಕೆಲಸ ನಿಂತ ಮೇಲೂ ದಣಿವು ಏಕೆ ಇಳಿಯುವುದಿಲ್ಲ? ನಾನು ಮೂಟೆ ಹೊರುವವಳಲ್ಲ. ಬಾಗಲಕೋಟೆಯ ನವನಗರದಲ್ಲಿ ಒಂದು ಪತ್ತಿನ ಸಹಕಾರಿ ಸಂಘದ ನಗದು ಕೌಂಟರಿನಲ್ಲಿ ಕೂರುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ, ತಲೆಯ ಮೇಲೆ ಫ್ಯಾನು. ನನ್ನ ಅಪ್ಪ ಇಳಕಲ್ಲಿನಲ್ಲಿ ಕುಣಿಮಗ್ಗದ ನೇಕಾರರಾಗಿದ್ದರು. ಅವರ ಮೈಯ ದುಡಿತದ ಎದುರು ನನ್ನದು ಯಾವ ಲೆಕ್ಕಕ್ಕೂ ಇಲ್ಲ. ಆದರೆ ಅವರು ಸಂಜೆ ಕಟ್ಟೆಯ ಮೇಲೆ ಕೂತರೆ ನಿಜವಾಗಿಯೂ ಕೂತಿರುತ್ತಿದ್ದರು. ನಾನು ಕೂತಾಗ ಕೂತಿರುವುದು ಮೈ ಮಾತ್ರ.

ಅಪ್ಪನ ಸಂಜೆ

ಕುಣಿಮಗ್ಗ ಕಂಡವರಿಗೆ ಗೊತ್ತಿದೆ, ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ಕಾಲು ಕೆಳಗೆ ತುಳಿಯುತ್ತಿರುತ್ತದೆ, ಒಂದು ಕೈ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಹಣಿಗೆಯನ್ನು ಎಳೆದು ಬಡಿಯುತ್ತದೆ. ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳೇ ಹಾಸು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಬೆಸೆಯಬೇಕು. ಟೋಪ ತೆನಿ ಎಂದು ಹೆಸರಾದದ್ದು ಇದೇ ಕೆಲಸ. ಹೀಗೆ ಬೆಸೆಯಬೇಕಾದ್ದರಿಂದ ಒಡಲಿನ ಹಾಸನ್ನು ಸೀರೆಯ ಅಳತೆಗೆ ತಕ್ಕಂತೆ 6, 8 ಅಥವಾ 9 ಗಜಕ್ಕೇ ಹೂಡುತ್ತಾರೆ. ಎಂದರೆ ಅಪ್ಪನ ಕೆಲಸಕ್ಕೆ ಮೊದಲೇ ಒಂದು ಅಳತೆ ಇರುತ್ತಿತ್ತು. ಒಂದು ಸೀರೆ ಮುಗಿಯಿತು ಎಂದರೆ ಮುಗಿಯಿತು. ಅದನ್ನು ಕೈಯಲ್ಲಿ ಹಿಡಿದು ಮಡಚಿ ಇಡಬಹುದಾಗಿತ್ತು. ನಾನು ದಿನಕ್ಕೆ ಇನ್ನೂರು ಜನರ ಹಣ ಎಣಿಸಿದರೂ ಸಂಜೆಗೆ ಕೈಯಲ್ಲಿ ಹಿಡಿದು ನೋಡುವಂಥದ್ದು ಏನೂ ಉಳಿಯುವುದಿಲ್ಲ. ತಾಳೆಯಾದ ಒಂದು ಮೊತ್ತ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಅದೂ ಸೊನ್ನೆಯಿಂದ ಶುರುವಾಗುತ್ತದೆ.

ಆದರೆ ನನಗೆ ಹೆಚ್ಚು ನೆನಪಿರುವುದು ಅಪ್ಪ ನೇಯುವುದನ್ನು ನಿಲ್ಲಿಸುತ್ತಿದ್ದ ರೀತಿ. ಸೀರೆ ಅರ್ಧಕ್ಕಿದ್ದರೂ ನಿಲ್ಲಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಬೆಳಕು ಇಳಿಯುತ್ತಿದ್ದಂತೆ ಲಾಳಿಯಲ್ಲಿರುವ ಕಂಡಿಕೆಯ ನೂಲು ಮುಗಿಯುವವರೆಗೆ ನೇಯುತ್ತಿದ್ದರು. ಹೊಸ ಕಂಡಿಕೆ ಹಾಕುತ್ತಿರಲಿಲ್ಲ. ಖಾಲಿ ಲಾಳಿಯನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಡುತ್ತಿದ್ದರು. ಕಡಿದ ಎಳೆಗಳು ಇದ್ದರೆ ಅಂದೇ ಗಂಟು ಹಾಕುತ್ತಿದ್ದರು. ಆಮೇಲೆ ಅವ್ವನ ಒಂದು ಹಳೆಯ ಸೀರೆಯನ್ನು ಮಗ್ಗದ ಮೇಲೆ ಹೊದಿಸಿ, ನಾಲ್ಕೂ ಮೂಲೆ ಸರಿಪಡಿಸಿ, ಕುಣಿಯಿಂದ ಮೇಲೆ ಬಂದು ಕಾಲು ಜಾಡಿಸುತ್ತಿದ್ದರು. ಹಿತ್ತಲಿಗೆ ಹೋಗುವ ಮುನ್ನ ಒಳಗಿದ್ದ ಅವ್ವನಿಗೆ ಕೇಳುವಂತೆ ಜೋರಾಗಿ ಹೇಳುತ್ತಿದ್ದರು: "ನಾಳೆ ಸೆರಗು ಹಿಡಿಯಬೇಕು. ಕೆಂಪು ರೇಷ್ಮೆ ಕಡಿಮೆ ಬೀಳಬಹುದು. ಸಾಹುಕಾರರ ಹತ್ತಿರ ಒಮ್ಮೆ ಹೋಗಿಬರುತ್ತೇನೆ." ಅವ್ವ ಒಲೆಯ ಮುಂದಿನಿಂದಲೇ "ಹೂಂ" ಎನ್ನುತ್ತಿದ್ದಳು. ಆಮೇಲೆ ಮಗ್ಗದ ಮಾತು ನಮ್ಮ ಮನೆಯಲ್ಲಿ ಮರುದಿನದವರೆಗೆ ಬರುತ್ತಿರಲಿಲ್ಲ. ಸಾಲದ ಮಾತು ಬರುತ್ತಿತ್ತು, ಮಳೆಯ ಮಾತು ಬರುತ್ತಿತ್ತು, ಮಗ್ಗದ್ದು ಮಾತ್ರ ಇಲ್ಲ.

ಚಿಕ್ಕವಳಾಗಿದ್ದಾಗ ಅದು ಅವ್ವನಿಗೆ ಕೊಡುವ ವರದಿ ಎಂದುಕೊಂಡಿದ್ದೆ. ಇತ್ತೀಚೆಗೆ ನಿದ್ರೆಯ ಕುರಿತು ಓದುತ್ತಿದ್ದಾಗ ಆ ಮಾತುಗಳು ಬೇರೆಯೇ ಅರ್ಥದಲ್ಲಿ ನನ್ನ ಮುಂದೆ ನಿಂತವು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಜನರನ್ನು ಎರಡು ಗುಂಪು ಮಾಡಿ, ಮಲಗುವ ಮುನ್ನ 5 ನಿಮಿಷ ಬರೆಯಲು ಹೇಳಿದರು. ಒಂದು ಗುಂಪು ಮುಗಿಸಿದ ಕೆಲಸಗಳನ್ನು ಬರೆಯಿತು, ಇನ್ನೊಂದು ಗುಂಪು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆಯಿತು. ಮಾಡಬೇಕಾದುದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ರೆ ಹತ್ತಿತು. ನಾಳೆಯ ಚಿಂತೆಯನ್ನು ರಾತ್ರಿ ಬರೆದರೆ ನಿದ್ರೆ ಹಾರಿಹೋಗುತ್ತದೆ ಎಂದು ನಾನು ನಂಬಿದ್ದೆ. ಆದದ್ದು ಅದಕ್ಕೆ ವಿರುದ್ಧ. ಬರೆದಿಟ್ಟ ಮೇಲೆ ಅದನ್ನು ಹಿಡಿದುಕೊಂಡಿರುವ ಹೊಣೆ ತಲೆಗೆ ಇರುವುದಿಲ್ಲ. ಅಪ್ಪ ಕಾಗದದ ಮೇಲೆ ಬರೆಯುತ್ತಿರಲಿಲ್ಲ, ಅವ್ವನ ಕಿವಿಗೆ ಹಾಕುತ್ತಿದ್ದರು. ಅವಳ "ಹೂಂ" ಬಂದ ಕೂಡಲೇ ಸೆರಗಿನ ಚಿಂತೆ, ರೇಷ್ಮೆಯ ಚಿಂತೆ ಅವರ ತಲೆಯಿಂದ ಇಳಿದು ಎಲ್ಲೋ ಸುರಕ್ಷಿತವಾಗಿ ಕೂತುಬಿಡುತ್ತಿತ್ತು.

ಒಂಬತ್ತೂ ನಲವತ್ತರ ಸಂದೇಶ

ನಮ್ಮ ಕಚೇರಿ ಸಂಜೆ ಆರಕ್ಕೆ ಮುಚ್ಚುತ್ತದೆ. ಆದರೆ ಕಚೇರಿಯ ವಾಟ್ಸ್ಆ್ಯಪ್ ಗುಂಪು ಮುಚ್ಚುವುದಿಲ್ಲ. ರಾತ್ರಿ ಒಂಬತ್ತೂ ನಲವತ್ತಕ್ಕೆ "ನಾಳೆ ಬೆಳಿಗ್ಗೆ ವಸೂಲಿ ಪಟ್ಟಿ ಸಿದ್ಧವಿರಲಿ" ಎಂದು ಬರುತ್ತದೆ. ಅದರ ಕೆಳಗೆ ಒಬ್ಬೊಬ್ಬರೇ ಕೈ ಮುಗಿದ ಚಿತ್ರ ಹಾಕುತ್ತಾ ಹೋಗುತ್ತಾರೆ. ಹಾಕದವರ ಹೆಸರು ಬೆಳಿಗ್ಗೆ ಬರುತ್ತದೆ. ಆ ಒಂದು ಸಾಲಿಗೆ ಉತ್ತರಿಸಲು ನನಗೆ ಮೂರು ಸೆಕೆಂಡು ಸಾಕು. ಆದರೆ ಅದು ಬರಬಹುದು ಎಂದು ಕಾಯುವುದಕ್ಕೆ ಇಡೀ ಸಂಜೆ ಬೇಕು. ಅನ್ನ ಬಸಿಯುವಾಗ, ಮಗ ಏನೋ ಹೇಳುತ್ತಿರುವಾಗ, ಕಿವಿಯ ಒಂದು ಮೂಲೆ ಮೊಬೈಲಿನ ಕಡೆಗೇ ಇರುತ್ತದೆ. ಅಪ್ಪನ ಮಗ್ಗ ರಾತ್ರಿ ಎದ್ದು ಬಂದು ಅವರ ಊಟದ ತಟ್ಟೆಯ ಪಕ್ಕ ಕೂರುತ್ತಿರಲಿಲ್ಲ.

ಕೆಲಸದ ದಣಿವು ಹೇಗೆ ಇಳಿಯುತ್ತದೆ ಎಂಬುದನ್ನು ಬಹಳ ವರ್ಷ ಅಧ್ಯಯನ ಮಾಡಿದವರು ಜರ್ಮನಿಯ ಮನಃಶಾಸ್ತ್ರಜ್ಞೆ ಸಬೀನೆ ಸೊನ್ನೆಂಟಾಗ್. ಅವರೂ ಶಾರ್ಲಟ್ ಫ್ರಿಟ್ಸ್ ಅವರೂ 2007ರಲ್ಲಿ ನಾಲ್ಕು ಅನುಭವಗಳನ್ನು ಗುರುತಿಸಿದರು: ಮನಸ್ಸು ಕೆಲಸದಿಂದ ಪೂರ್ತಿ ಬಿಡಿಸಿಕೊಳ್ಳುವುದು, ಮೈಮನ ಸಡಿಲಗೊಳ್ಳುವುದು, ಕೆಲಸಕ್ಕೆ ಸಂಬಂಧಿಸದ ಏನನ್ನಾದರೂ ಕಲಿತು ಕೈವಶ ಮಾಡಿಕೊಳ್ಳುವುದು, ಬಿಡುವಿನ ಹೊತ್ತಿನ ಮೇಲೆ ನಮ್ಮದೇ ಹಿಡಿತವಿರುವುದು. ಇವುಗಳಲ್ಲಿ ನನಗೆ ಮೊದಲನೆಯದು ಉಳಿದ ಮೂರಕ್ಕೂ ಬಾಗಿಲಿನಂತೆ ಕಾಣುತ್ತದೆ. ಅದು ತೆರೆಯದಿದ್ದರೆ ಮಂಚದ ಮೇಲೆ ಎಷ್ಟು ಹೊತ್ತು ಒರಗಿದರೂ ಅದು ಕಾಯುವ ಕೋಣೆಯೇ ಆಗಿರುತ್ತದೆ. 2018ರ ಒಂದು ಬರಹದಲ್ಲಿ ಸೊನ್ನೆಂಟಾಗ್ ಇನ್ನೊಂದು ಮಾತು ಹೇಳುತ್ತಾರೆ. ಒತ್ತಡ ಹೆಚ್ಚಿದ ದಿನವೇ ನಮಗೆ ವಿಶ್ರಾಂತಿ ಹೆಚ್ಚು ಬೇಕು, ಆದರೆ ಅಂಥ ದಿನವೇ ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳಲಾರದು, ಮೈ ಎದ್ದು ನಡೆಯಲು ಹೋಗದು. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಆ ಪುಟವನ್ನು ಅಲ್ಲಿಗೇ ನಿಲ್ಲಿಸಿ ಹೊರಗೆ ಬಂದು ನಿಂತೆ. ಸ್ಕೂಟರಿನ ಮೇಲೆ ಕೂತೇ ಇದ್ದ ಆ ಸಂಜೆ ನನ್ನ ಸೋಮಾರಿತನವಲ್ಲ ಎಂದು ಯಾರೋ ದೂರದಿಂದ ಹೇಳಿದಂತಾಗಿತ್ತು.

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತಿನ ಆಚೆಗೆ ಕಚೇರಿಯ ಕರೆಗೆ ಓಗೊಡದೆ ಇರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಇರುವುದು ಗೋಡೆಯ ಮೇಲಿನ ‘ಕಾಯಕವೇ ಕೈಲಾಸ’ ಎಂಬ ಫಲಕ. ಕೂಡಲಸಂಗಮದ ಜಿಲ್ಲೆಯವಳಾದ ನನಗೆ ಆ ಮಾತಿನ ಮೇಲೆ ಗೌರವವಿದೆ. ಆದ್ದರಿಂದಲೇ ಹೆಚ್ಚು ಹೊತ್ತು ದುಡಿಸಲು ಅದನ್ನು ಬಳಸಿದಾಗ ನೋವಾಗುತ್ತದೆ. ಅದೇ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಷ್ಟು ನಮಗೆ ಬೇಡ, ಮರಳಿ ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು. ಕಾಯಕಕ್ಕೆ ಸಾಕು ಎನ್ನುವ ಗೆರೆಯನ್ನು ಹನ್ನೆರಡನೆಯ ಶತಮಾನದಲ್ಲೇ ಒಬ್ಬ ಹೆಣ್ಣುಮಗಳು ಎಳೆದಿದ್ದಳು. ಜೂನ್ ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು, ಸಂಜೆ ಏಳರ ಮೇಲೆ ತುರ್ತು ಇಲ್ಲದ ಸಂದೇಶ ಹಾಕಬಾರದು ಎಂದು ಕೇಳಿದೆ. ಧ್ವನಿ ನಡುಗುತ್ತಿತ್ತು. ಪಕ್ಕದ ಇಬ್ಬರು ಅಕ್ಕಂದಿರು, "ಅವರು ಹೇಳುವುದು ಸರಿಯಾಗಿದೆ ಸರ್" ಎಂದರು. ಮೂರು ವಾರ ಸುಮ್ಮನಿತ್ತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿನಷ್ಟಲ್ಲ. ಇನ್ನೊಮ್ಮೆ ಕೇಳುತ್ತೇನೆ.

ಕಾಲಿಗೆ ನೀರು

ಇಳಕಲ್ಲಿನ ಮನೆಯ ಹಿತ್ತಲಿನಲ್ಲಿ ಒಂದು ಕಲ್ಲು ಇತ್ತು, ಅದರ ಪಕ್ಕ ನೀರು ತುಂಬಿದ ಕೊಡ ಮತ್ತು ತಂಬಿಗೆ. ಹೊರಗಿನಿಂದ ಯಾರೇ ಬರಲಿ, ಮೊದಲು ಕಾಲಿಗೆ ನೀರು. ಮುಂಜಾನೆಯಿಂದ ಕುಣಿಯ ಕತ್ತಲೆಯಲ್ಲಿದ್ದ ಅಪ್ಪನ ಪಾದಗಳು ಬಿಳಿಚಿ, ಸುಕ್ಕುಗಟ್ಟಿ, ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು. ಅವರು ಒಂದೊಂದೇ ತಂಬಿಗೆ ಸುರಿದುಕೊಂಡು ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕುತ್ತಿದ್ದರು. ನೀರು ಸುರಿಯುವಾಗ ಮಾತಾಡುತ್ತಿರಲಿಲ್ಲ, ನಾವೂ ಮಾತಾಡಿಸುತ್ತಿರಲಿಲ್ಲ. ಮೈಲಿಗೆ, ಧೂಳು ಎಂದೆಲ್ಲ ಕಾರಣ ಹೇಳುತ್ತಾರೆ. ನನಗೆ ಈಗ ಅನ್ನಿಸುವುದು, ಆ ನೀರಿನ ಈಚೆಗೆ ನೇಕಾರ, ಆಚೆಗೆ ಅಪ್ಪ ಎಂದು.

ನವನಗರಕ್ಕೆ ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಗಿತ್ತು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗುತ್ತಿದ್ದೆ. ಈಗ ಮತ್ತೆ ಶುರು ಮಾಡಿದ್ದೇನೆ. ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಟ್ಯಾಂಕಿನ ನೀರು ಸಂಜೆಗೂ ಸುಡುತ್ತಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ಒಂದು ಕೊಡ ತುಂಬಿ ನೆರಳಿಗೆ ಇಟ್ಟು ಹೋಗುತ್ತೇನೆ. ಮೊಬೈಲನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟು, ಯಾರೊಂದಿಗೂ ಮಾತಾಡದೆ ಹಿತ್ತಲಿಗೆ ಹೋಗಿ, ಮೊಣಕಾಲಿನಿಂದ ಕೆಳಗೆ ಐದಾರು ತಂಬಿಗೆ ಸುರಿದುಕೊಳ್ಳುತ್ತೇನೆ. ಆಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ಪಾದ ಆರುವವರೆಗೆ ಕೂರುತ್ತೇನೆ. ಒರೆಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನಾಲ್ಕೇ ನಿಮಿಷಕ್ಕೆ ಆರುತ್ತದೆ, ಮಳೆಗಾಲದಲ್ಲಿ ಹತ್ತು. ಅಷ್ಟು ಹೊತ್ತು ನನ್ನದು.

ರಾತ್ರಿಯ ಸ್ನಾನದ ವಿಷಯದಲ್ಲಿ ಮಾತ್ರ ಬಿಸಿನೀರೇ ಒಳ್ಳೆಯದಂತೆ. 2019ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಲಗುವ 1ರಿಂದ 2 ಗಂಟೆ ಮೊದಲು 40ರಿಂದ 42.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸ್ನಾನ ಮಾಡಿದವರಿಗೆ ಸರಾಸರಿ 10 ನಿಮಿಷ ಬೇಗ ನಿದ್ರೆ ಬಂದದ್ದು ಕಂಡಿತು. ಬಿಸಿನೀರು ಬಿದ್ದಾಗ ಅಂಗೈ ಮತ್ತು ಅಂಗಾಲುಗಳ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಶಾಖ ಅಲ್ಲಿಂದ ಹೊರಟುಹೋಗಿ ಮೈ ತಂಪಾಗುತ್ತದೆ. ಮೈಯ ಒಳಗಿನ ಶಾಖ ಇಳಿಯುವುದೇ ನಿದ್ರೆಗೆ ಕರೆ. ಹೊಲದಿಂದ ಬಂದವರಿಗೆ ಹಂಡೆಯ ಬಿಸಿನೀರು ಕಾಯಿಸಿ ಇಡುತ್ತಿದ್ದ ಮನೆಗಳು ನಮ್ಮ ಕಡೆ ಎಷ್ಟೋ ಇದ್ದವು. ಇದರ ಜೊತೆಗೆ ಸಂಜೆ ಏಳರ ಚಹಾವನ್ನೂ ಬಿಟ್ಟೆ. ಚಹಾದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ತಾಸಿನ ಮೇಲೂ ರಕ್ತದಲ್ಲಿ ಉಳಿದಿರುತ್ತದೆ. ಚಹಾ ಬಿಟ್ಟದ್ದೇ ಇವೆಲ್ಲಕ್ಕಿಂತ ಕಷ್ಟವಾಯಿತು.

ಒಂದೆರಡು ಪ್ರಯತ್ನಗಳು ಕೈಗೂಡಲಿಲ್ಲ. ಹೊಸದನ್ನು ಕಲಿಯುವುದು ದಣಿವು ಕಳೆಯುತ್ತದೆ ಎಂದು ಓದಿ ಕಸೂತಿ ಕಲಿಯಲು ಹೋದೆ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಬರಬೇಕು, ಗಂಟು ಹಾಕುವಂತಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ದಿನವಿಡೀ ನೋಟು ಎಣಿಸಿದ ಕಣ್ಣಿಗೆ ಮತ್ತೆ ಎಣಿಕೆ. ಕಲಿಸುತ್ತಿದ್ದ ಅಕ್ಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಗಂಟಲು ಸೋತು ಬಂದವರು. ಅವರಿಗೆ ಆ ಮೌನದ ಎಣಿಕೆಯೇ ಮದ್ದು. ಒಬ್ಬರನ್ನು ಯಾವುದು ದಣಿಸಿದೆ ಎಂದು ನೋಡದೆ ಮದ್ದು ಹೇಳಬಾರದು ಎಂದು ಅಂದು ತಿಳಿಯಿತು. ನಾನು ಕಸೂತಿ ಬಿಟ್ಟು ನಡೆಯಲು ಹೋದೆ.

ಹಿನ್ನೀರಿನ ಅಂಚು

ವಾರಕ್ಕೆ ಎರಡು ದಿನ ಹಳೆಯ ಬಾಗಲಕೋಟೆಯ ಕಡೆ ಸ್ಕೂಟರಿನಲ್ಲಿ ಹೋಗಿ, ಹಿನ್ನೀರು ಕಾಣುವ ಕಡೆ ನಿಲ್ಲಿಸಿ, ಅರ್ಧ ತಾಸು ನಡೆದು ಬರುತ್ತೇನೆ. ಮುಳುಗಡೆಯ ಕಥೆಯನ್ನು ನಮ್ಮವರಿಗೆ ನಾನು ಹೇಳಬೇಕಾಗಿಲ್ಲ. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ಏರಿದಾಗ ಘಟಪ್ರಭೆ ಹಿಂದಕ್ಕೆ ಸರಿದು ಇಲ್ಲಿಯವರೆಗೆ ಹರಡುತ್ತದೆ. ಬೇಸಿಗೆಯಲ್ಲಿ ಇಳಿದು ಹೋಗಿ ಒಡೆದ ಕಪ್ಪು ನೆಲ ಬಿಡುತ್ತದೆ. ಹೀಗಾಗಿ ನಾನು ನಡೆಯುವ ದಾರಿಯ ಪಕ್ಕದ ದೃಶ್ಯ ಪ್ರತಿ ತಿಂಗಳೂ ಬೇರೆ.

ಅಲ್ಲಿ ಒಬ್ಬ ಹಿರಿಯರು ಸಿಗುತ್ತಾರೆ. ಬಿಳಿ ಟೋಪಿ, ಧೋತರ, ಕೈಯಲ್ಲಿ ಮಡಚಿದ ಕೊಡೆ. ಮೊದಲ ಸಲ ಮಾತಾಡಿದಾಗ ಕೊಡೆಯ ತುದಿಯಿಂದ ನೀರಿನ ಕಡೆ ತೋರಿಸಿ, "ಅಲ್ಲಿ ನಮ್ಮ ಅಂಗಡಿ ಇತ್ತು" ಎಂದರು. ಅಂಗಡಿ ಈಗ ನವನಗರದಲ್ಲಿದೆಯಂತೆ, ಮಗ ನೋಡಿಕೊಳ್ಳುತ್ತಾನಂತೆ. ದಿನವೂ ಅಲ್ಲಿ ಗಲ್ಲೆಯ ಮುಂದೆ ಕೂತು, ಸಂಜೆ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ದಣಿದು ಇಷ್ಟು ದೂರ ಏಕೆ ಬರುತ್ತೀರಿ ಕಾಕಾ ಎಂದು ಕೇಳಿದೆ. "ಮನೆಗೆ ನೇರ ಹೋದರೆ ರಾತ್ರಿಯೆಲ್ಲ ಉದ್ರಿಯ ಲೆಕ್ಕವೇ ತಲೆಯಲ್ಲಿ ತಿರುಗುತ್ತದೆ. ಇಲ್ಲಿಗೆ ಬಂದು ಆ ಅಂಗಡಿಯ ಬಾಗಿಲು ಹಾಕಿ ಹೋಗುತ್ತೇನೆ" ಎಂದರು. ನೀರಿನ ತಳದಲ್ಲಿರುವ ಬಾಗಿಲು. ಅವರು ಹೊರಡುವಾಗ ಗಮನಿಸಿದೆ, ಬೆನ್ನು ತಿರುಗಿಸುವ ಮುನ್ನ ಎಡಗೈಯ ಬೆರಳುಗಳು ಗಾಳಿಯಲ್ಲಿ ಏನನ್ನೋ ಹಿಡಿದು ಎರಡು ಸಲ ಜಗ್ಗಿದವು. ಬೀಗ ಬಿದ್ದಿದೆಯೋ ಇಲ್ಲವೋ ಎಂದು ನೋಡುವ, ಅಂಗಡಿಕಾರರೆಲ್ಲರ ಕೈಗೆ ಅಂಟಿದ ಆ ಜಗ್ಗು. ನಾನು ನೋಡಿದ್ದು ಅವರಿಗೆ ಗೊತ್ತಾಗದಿರಲಿ ಎಂದು ನೀರಿನ ಕಡೆ ತಿರುಗಿ ನಿಂತೆ.

ಅವ್ವ ಯಾವಾಗ ಕೂತಳು?

ಅಪ್ಪನ ಸಂಜೆಯ ಬಗ್ಗೆ ಇಷ್ಟು ಬರೆದ ಮೇಲೆ, ಅವರು ಕಟ್ಟೆಯ ಮೇಲೆ ಕೂತಾಗ ಅವ್ವ ಎಲ್ಲಿದ್ದಳು ಎಂದು ಕೇಳಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. ಅವ್ವ ಒಲೆಯ ಮುಂದೆ ಇದ್ದಳು. ಹಗಲೆಲ್ಲ ರಾಟಿ ತಿರುಗಿಸಿ ಅಪ್ಪನ ಲಾಳಿಗೆ ಕಂಡಿಕೆ ಸುತ್ತಿದವಳು ಅವಳೇ. ಅಪ್ಪನ ಕೊನೆಯ ಕಂಡಿಕೆ ಖಾಲಿಯಾದಾಗ ಅವರ ದಿನ ಮುಗಿಯುತ್ತಿತ್ತು, ಅವಳದು ಮುಗಿಯುತ್ತಿರಲಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ ಅದಕ್ಕಾಗಿ 289 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ ಕೊಡುತ್ತಾರೆ ಎಂದಿದೆ. ನಡುವಿನ ಅಂತರ ಮೂರು ತಾಸಿಗೂ ಹೆಚ್ಚು. ಹೆಂಗಸಿನ ವಿಶ್ರಾಂತಿಯ ಮಾತೆಲ್ಲ ಕಡೆಗೆ ಬಂದು ನಿಲ್ಲುವುದು ಈ ಮೂರು ತಾಸಿನಲ್ಲಿ. ಧ್ಯಾನ ಮಾಡಿ, ಪುಸ್ತಕ ಓದಿ ಎಂದು ಹೇಳುವವರು ಮೊದಲು ಪಾತ್ರೆ ಯಾರು ತೊಳೆಯಬೇಕು ಎಂದು ಹೇಳಲಿ.

ಅವ್ವನ ತಲೆಮಾರಿನವರು ತಮಗೆ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಅದು ಕಟಕ ರೊಟ್ಟಿ. ವಾರಕ್ಕೊಮ್ಮೆ ನಾಲ್ಕಾರು ಮನೆಯ ಹೆಂಗಸರು ಕೂಡಿ ನೂರಾರು ಜೋಳದ ರೊಟ್ಟಿ ಬಡಿದು, ತೆಳ್ಳಗೆ ಸುಟ್ಟು ಒಣಗಿಸಿ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಡುತ್ತಿದ್ದರು. ಉಳಿದ ಸಂಜೆಗಳಲ್ಲಿ ಚಟ್ನಿಪುಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಊಟವಾಯಿತು, ಒಲೆ ಹೊತ್ತಿಸಬೇಕಾಗಿಲ್ಲ. ಅಂಥ ಸಂಜೆ ಅವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಪ್ರತಿ ರಾತ್ರಿ ಬಿಸಿ ಬಿಸಿ ರೊಟ್ಟಿಯೇ ಬೇಕು ಎಂಬ ಹಟ ಆಮೇಲೆ ಬಂದದ್ದು. ನಾನು ಈಗ ಪೇಟೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕಟಕ ರೊಟ್ಟಿ ತರುತ್ತೇನೆ. ವಾರದಲ್ಲಿ ಮೂರು ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಪಾತ್ರೆ ಗಂಡ ತೊಳೆಯುತ್ತಾರೆ, ಮಗ ಒರೆಸಿ ಇಡುತ್ತಾನೆ. ಮೊದಲ ತಿಂಗಳು ಇದಕ್ಕಾಗಿ ಜಗಳ ಆಗಿತ್ತು. ಆ ಜಗಳವನ್ನು ನಾನು ಹತ್ತು ವರ್ಷ ಮೊದಲೇ ಆಡಬೇಕಿತ್ತು.

ಕಳೆದ ಭಾನುವಾರ ಇಳಕಲ್ಲಿಗೆ ಹೋಗಿದ್ದೆ. ಅಪ್ಪ ಹೋಗಿ ಆರು ವರ್ಷವಾಯಿತು. ಮಗ್ಗ ಮಾರಿ, ಕುಣಿಗೆ ಮಣ್ಣು ತುಂಬಿ, ಮೇಲೆ ಕಲ್ಲು ಹಾಸಿದ್ದಾರೆ. ಮಣ್ಣು ಕೂತು ಆ ಜಾಗ ಎರಡು ಬೆರಳಿನಷ್ಟು ತಗ್ಗಾಗಿದೆ. ಅವ್ವ ಈಗ ಅಲ್ಲಿಯೇ ಚಾಪೆ ಹಾಸಿಕೊಳ್ಳುತ್ತಾಳೆ, ತಂಪು ಇರುತ್ತದೆ ಎನ್ನುತ್ತಾಳೆ. ರಾತ್ರಿ ಊಟ ಮುಗಿಸಿ ಅವಳ ಪಕ್ಕದಲ್ಲಿ ಮಲಗಿದೆ. ಅಣ್ಣ, ವೈನಿ ಒಳಗೆ ಮಲಗಿಯಾಗಿತ್ತು. ದೀಪ ಆರಿಸಿದ ಮೇಲೆ ಅವ್ವ ಕತ್ತಲೆಯಲ್ಲಿ ಹೇಳತೊಡಗಿದಳು: "ನಾಳೆ ಬಿಸಿಲು ಚೆನ್ನಾಗಿದ್ದರೆ ಶಾವಿಗೆ ಒಣಗಿಸಬೇಕು. ಮೊಮ್ಮಗಳ ಅಂಗಿಗೆ ಗುಂಡಿ ಹಚ್ಚಬೇಕು. ಮಂಡಿಗೆ ಹಚ್ಚುವ ಎಣ್ಣೆ ತೀರಿದೆ, ತರಿಸಬೇಕು." ಇಷ್ಟು ವರ್ಷ ಕೇಳಿಸಿಕೊಂಡವಳೇ ಹೊರತು, ಅವಳು ತನ್ನ ನಾಳೆಯನ್ನು ಯಾರಿಗಾದರೂ ಹೇಳಿದ್ದು ನಾನು ಕೇಳಿರಲಿಲ್ಲ. ಹೇಳಿ ಮುಗಿಸಿ ಸುಮ್ಮನಾದಳು, ಆದರೆ ಉಸಿರು ನಿದ್ರೆಯದಾಗಿರಲಿಲ್ಲ. ಏನನ್ನೋ ಕಾಯುತ್ತಿದ್ದಳು.

"ಹೂಂ" ಎಂದೆ.

ಅವಳು ಗೋಡೆಯ ಕಡೆ ಹೊರಳಿದಳು.